ರಾಣಿಯ ಕ್ಷೌರ, ಮೂರನೇ ದಿನದ ಗಲ್ಲಾ

ಎರಡನೇ ಚಾರ್ಲ್ಸ್ ದೊರೆ ಒಂದು ದಿನ ಲಂಡನ್ನಿನ ನಾಟಕಶಾಲೆಗೆ ಹೊತ್ತಿಗೆ ಸ್ವಲ್ಪ ಮುಂಚೆಯೇ ಬಂದು ಕೂತನಂತೆ. ಆಟ ಶುರುವಾಗುವ ಲಕ್ಷಣವೇ ಇಲ್ಲ. ಯಾಕೆ ತಡ ಎಂದು ಕೇಳಿ ಕಳಿಸಿದ. ಕಂಪನಿಯ ಯಜಮಾನ ಓಡಿ ಬಂದ. ಸುಳ್ಳಿಗಿಂತ ನಿಜ ಹೇಳುವುದೇ ವಾಸಿ ಅನ್ನಿಸಿರಬೇಕು. ‘ರಾಣಿಗೆ ಇನ್ನೂ ಕ್ಷೌರ ಆಗಿಲ್ಲ, ಮಹಾಪ್ರಭು’ ಎಂದ. ದೊರೆ ನಕ್ಕು ಸುಮ್ಮನೆ ಕಾದ. ಇದನ್ನು ಬರೆದಿಟ್ಟವನು ಕೋಲಿ ಸಿಬರ್ ಎಂಬ ನಟ.

ನಮ್ಮ ಕಂಪನಿ ನಾಟಕಗಳ ಕತೆ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ. ಮೀಸೆ ಬೋಳಿಸಿ ಸೀರೆ ಉಟ್ಟ ಗಂಡಸರು ನಮ್ಮಲ್ಲೂ ಎಷ್ಟೋ ಮಂದಿ. ಆದರೆ ಲಂಡನ್ನಿನ ಕತೆಯಲ್ಲಿ ಒಂದು ವಿಚಿತ್ರ ಇದೆ. ಈ ಕ್ಷೌರದ ಪ್ರಸಂಗ ನಡೆದದ್ದು 1660ರ ಆಸುಪಾಸಿನಲ್ಲಿ. ಅದಾದ ಹತ್ತೇ ವರ್ಷಕ್ಕೆ ಅದೇ ಊರಿನಲ್ಲಿ ಒಬ್ಬ ಹೆಂಗಸು ನಾಟಕ ಬರೆದು, ಟಿಕೆಟ್ ದುಡ್ಡಿನಲ್ಲಿ ಹೊಟ್ಟೆ ಹೊರೆಯಲು ಶುರು ಮಾಡಿದಳು. 35 ವರ್ಷಕ್ಕೆ ನಟಿಯರು ಕಂಪನಿಯ ಪಾಲುದಾರರೇ ಆದರು. ಇಷ್ಟು ಬೇಗ ಹೇಗೆ? ಯಾರೋ ದೊಡ್ಡ ಮನಸ್ಸು ಮಾಡಿದರು ಅಂದುಕೊಂಡರೆ ತಪ್ಪು. ಹೆಂಗಸರ ಉದ್ಧಾರ ಆಗಲಿ ಎಂದು ಯಾರೂ ಏನೂ ಮಾಡಲಿಲ್ಲ. ಗಲ್ಲಾಪೆಟ್ಟಿಗೆ ತುಂಬಬೇಕಿತ್ತು, ಅಷ್ಟೇ. ಈ ಲೆಕ್ಕ ಅರ್ಥವಾದರೆ ಮಿಕ್ಕದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಮೊದಲು ಹಳೆಯ ಪದ್ಧತಿ ನೋಡೋಣ. ಷೇಕ್ಸ್‌ಪಿಯರ್ ಕಾಲದಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದವರು ಹುಡುಗರು. ದೊಡ್ಡ ನಟನ ಕೈಕೆಳಗೆ ಕೆಲಸ ಕಲಿಯಲು ಸೇರಿ, ದನಿ ಒಡೆಯುವವರೆಗೆ ಜೂಲಿಯೆಟ್, ಡೆಸ್ಡಿಮೋನ ಆಗುತ್ತಿದ್ದರು. ಹಾಗಂತ ನಾಟಕಶಾಲೆಯಲ್ಲಿ ಹೆಂಗಸರೇ ಇರಲಿಲ್ಲ ಎಂದಲ್ಲ. ಬಾಗಿಲಲ್ಲಿ ನಿಂತು ಪ್ರೇಕ್ಷಕರಿಂದ ಕಾಸು ವಸೂಲಿ ಮಾಡುವ ಕೆಲಸದಲ್ಲಿ ಹೆಂಗಸರಿದ್ದರು. ದುಡ್ಡು ಮುಟ್ಟಬಹುದು, ರಂಗ ಹತ್ತುವ ಹಾಗಿಲ್ಲ!

ಯುರೋಪಿನ ಬೇರೆ ಕಡೆ ಹೀಗಿರಲಿಲ್ಲ. ಇಟಲಿಯಲ್ಲಿ 16ನೇ ಶತಮಾನದ ನಡುವಿಗೇ ಹೆಂಗಸರು ತಿರುಗಾಟದ ಕಂಪನಿಗಳಲ್ಲಿ ಬಣ್ಣ ಹಚ್ಚಿದ್ದರು. ಅಲ್ಲಿನ ಇಸಬೆಲ್ಲಾ ಆಂಡ್ರೆಯೀನಿ ದೊಡ್ಡ ತಾರೆ. 1588ರಲ್ಲಿ ತಾನೇ ಬರೆದ ನಾಟಕವೊಂದನ್ನು ಅಚ್ಚು ಹಾಕಿಸಿದಳು ಕೂಡ. ಸ್ಪೇನಿನಲ್ಲಿ 1587ರಲ್ಲಿ ನಟಿಯರಿಗೆ ಅನುಮತಿ ಸಿಕ್ಕಿತ್ತು. ಲಂಡನ್ ಮಾತ್ರ ಹಟ ಹಿಡಿದು ಕೂತಿತ್ತು. 1629ರಲ್ಲಿ ಫ್ರಾನ್ಸಿನ ಕಂಪನಿಯೊಂದು ತನ್ನ ನಟಿಯರನ್ನು ಕರೆದುಕೊಂಡು ಬಂದು ಬ್ಲ್ಯಾಕ್‌ಫ್ರೈಯರ್ಸ್ ಎಂಬ ನಾಟಕಶಾಲೆಯಲ್ಲಿ ಆಟ ಆಡಿದಾಗ ಜನ ಕೂಗಾಡಿ, ಸೇಬು ಎಸೆದು ಓಡಿಸಿದರು. 1633ರಲ್ಲಿ ವಿಲಿಯಂ ಪ್ರಿನ್ ಎಂಬ ಮಡಿವಂತ ವಕೀಲ ನಾಟಕಗಳನ್ನೆಲ್ಲ ಬೈದು ದಪ್ಪ ಪುಸ್ತಕ ಬರೆದ. ನಟಿಯರೆಂದರೆ ಸೂಳೆಯರು ಎಂದು ಅದರ ಹಿಂಬದಿಯ ಪದಸೂಚಿಯಲ್ಲೇ ಸೇರಿಸಿಬಿಟ್ಟ. ಗ್ರಹಚಾರ ನೋಡಿ, ಆ ಹೊತ್ತಿಗೆ ಫ್ರಾನ್ಸಿನಿಂದ ಬಂದ ರಾಣಿಯೇ ಅರಮನೆಯ ನಾಟಕದಲ್ಲಿ ಪಾರ್ಟು ಮಾಡಿದ್ದಳು. ಇದು ಅವಳನ್ನೇ ಬೈದದ್ದು ಎಂದಾಯಿತು. ಪ್ರಿನ್‌ನ ಕಿವಿ ಕತ್ತರಿಸಿದರು. ಗಮನಿಸಿ, ಲಂಡನ್ನಿನ ಕಂಪನಿಗಳಲ್ಲಿ ನಟಿ ಎಂಬವಳು ಇನ್ನೂ ಇರಲೇ ಇಲ್ಲ. ಅವಳನ್ನು ಬಯ್ಯುವ ಮಾತು ಮಾತ್ರ ಆಗಲೇ ಅಚ್ಚಾಗಿತ್ತು.

1642ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಒಳಯುದ್ಧ ಶುರುವಾದಾಗ ಪಾರ್ಲಿಮೆಂಟು ನಾಟಕಶಾಲೆಗಳ ಬಾಗಿಲು ಹಾಕಿಸಿತು. ಕದ್ದುಮುಚ್ಚಿ ನಡೆದ ಆಟಗಳನ್ನು ಬಿಟ್ಟರೆ 18 ವರ್ಷ ನಾಟಕವಿಲ್ಲ. ಹುಡುಗರನ್ನು ತರಬೇತಿ ಮಾಡುವ ಪದ್ಧತಿ ಅಲ್ಲಿಗೆ ಮುರಿದು ಬಿತ್ತು. 1660ರಲ್ಲಿ ಎರಡನೇ ಚಾರ್ಲ್ಸ್ ದೇಶಕ್ಕೆ ವಾಪಸು ಬಂದು ಬಾಗಿಲು ತೆರೆಸಿದಾಗ, ಹಿಂದೆ ಹುಡುಗಿ ಪಾರ್ಟು ಮಾಡಿದವರೆಲ್ಲ ನಡುವಯಸ್ಸಿನ ದಡೂತಿ ಗಂಡಸರಾಗಿದ್ದರು. ಕಿನಾಸ್ಟನ್ ಎಂಬ ಚೆಲುವನಂಥ ಒಬ್ಬಿಬ್ಬರು ಹೊಸಬರನ್ನು ಬಿಟ್ಟರೆ ಆ ಪಾರ್ಟಿಗೆ ಜನವೇ ಇಲ್ಲ. ಇತ್ತ ದೊರೆ ಮತ್ತವನ ಆಸ್ಥಾನದವರು ದೇಶ ಬಿಟ್ಟು ಹೋಗಿದ್ದಾಗ ಫ್ರಾನ್ಸಿನಲ್ಲಿ ನಟಿಯರನ್ನು ನೋಡಿ ಬಂದಿದ್ದರು.

ದೊರೆ ಇಬ್ಬರಿಗೆ ಮಾತ್ರ ಪರವಾನಗಿ ಕೊಟ್ಟ. ಒಬ್ಬ ಥಾಮಸ್ ಕಿಲಿಗ್ರೂ, ಅವನದು ಕಿಂಗ್ಸ್ ಕಂಪನಿ. ಇನ್ನೊಬ್ಬ ವಿಲಿಯಂ ಡ್ಯಾವೆನಂಟ್, ಅವನದು ಡ್ಯೂಕ್ಸ್ ಕಂಪನಿ. ಇಡೀ ಊರಿಗೆ ಇವೆರಡೇ. ಇಬ್ಬರಿಗೂ ಜಿದ್ದಾಜಿದ್ದಿ. ಒಬ್ಬ ಬಣ್ಣದ ಸೀನರಿ ತಂದರೆ ಇನ್ನೊಬ್ಬನಿಗೂ ಬೇಕು. ಒಬ್ಬ ನಟಿ ತಂದರೆ ಇನ್ನೊಬ್ಬ ಬಿಟ್ಟಾನೆಯೇ?

1660ರ ಡಿಸೆಂಬರ್ 8ರಂದು ಕಿಲಿಗ್ರೂ ಕಂಪನಿ ‘ಒಥೆಲೋ’ ಆಡಿತು. ಟೆನಿಸ್ ಅಂಗಳವನ್ನೇ ರಿಪೇರಿ ಮಾಡಿ ಕಟ್ಟಿದ ನಾಟಕಶಾಲೆ ಅದು. ಆಟಕ್ಕೆ ಮುಂಚೆ ಒಬ್ಬ ಬಂದು ಪದ್ಯದಲ್ಲಿ ಪೀಠಿಕೆ ಹೇಳಿದ. ಇವತ್ತು ಡೆಸ್ಡಿಮೋನ ಆಗಿ ನಿಜವಾದ ಹೆಂಗಸೇ ಬರುತ್ತಾಳೆ, ಆಕೆ ಬಟ್ಟೆ ಹಾಕಿಕೊಳ್ಳುವುದನ್ನು ನಾನೇ ನೋಡಿದೆ ಎಂದು ಜನರ ಆಸೆ ಕೆರಳಿಸಿದ. ನಮ್ಮ ಗಂಡಸರ ವಯಸ್ಸು ನಲವತ್ತು ಐವತ್ತು, ಮೂಳೆಯೋ ಇಷ್ಟಿಷ್ಟು ದಪ್ಪ, ಡೆಸ್ಡಿಮೋನ ಎಂದು ಕರೆದರೆ ರಾಕ್ಷಸ ಬಂದ ಹಾಗಿರುತ್ತದೆ ಎಂದು ನಗಿಸಿದ. ಆ ನಟಿ ಯಾರು ಎಂಬ ಬಗ್ಗೆ ವಿದ್ವಾಂಸರಲ್ಲಿ ಇವತ್ತಿಗೂ ಜಗಳ ಇದೆ. ಮಾರ್ಗರೆಟ್ ಹ್ಯೂಸ್ ಎಂದು ಕೆಲವರು, ಆನ್ ಮಾರ್ಷಲ್ ಎಂದು ಕೆಲವರು. ಪೀಠಿಕೆ ಬರೆದವನ ಹೆಸರು ಮಾತ್ರ ಸರಿಯಾಗಿ ಉಳಿದಿದೆ, ಥಾಮಸ್ ಜೋರ್ಡನ್. ನನಗೆ ಇದು ಸ್ವಲ್ಪ ಉರಿಸುವ ಸಂಗತಿಯೇ.

1662ರಲ್ಲಿ ಬಂದ ರಾಜಪತ್ರದಲ್ಲಿ ಹೆಣ್ಣು ಪಾರ್ಟನ್ನು ಹೆಂಗಸರೇ ಮಾಡಬಹುದು ಎಂದು ಬರೆಯಲಾಯಿತು. ಗಂಡಸರು ಹೆಣ್ಣಿನ ವೇಷ ಹಾಕುವುದು ಕೆಲವರಿಗೆ ಸರಿಬರುತ್ತಿಲ್ಲ, ಹೀಗೆ ಮಾಡಿದರೆ ನಾಟಕ ಜೀವನಕ್ಕೆ ಪಾಠ ಆಗುತ್ತದೆ ಎಂಬ ಕಾರಣವನ್ನೂ ಕೊಟ್ಟರು. ಪಾಠ ಎಷ್ಟಾಯಿತೋ ಏನೋ. ಕಂಪನಿಗಳು ಮಾಡಿದ್ದು ಬೇರೆಯೇ. ನಾಯಕಿ ಯಾವುದೋ ನೆಪದಲ್ಲಿ ಗಂಡಸಿನ ವೇಷ ಹಾಕುವ ಕತೆಗಳನ್ನು ಒಂದರ ಹಿಂದೆ ಒಂದು ಬರೆಸಿದವು. ಉದ್ದನೆಯ ಲಂಗದಲ್ಲಿ ಕಾಣದ ಕಾಲು ಬಿಗಿ ಚಲ್ಲಣದಲ್ಲಿ ಕಾಣುತ್ತದೆ, ಅದಕ್ಕೆ! 1660ರಿಂದ 1700ರವರೆಗಿನ ಹೊಸ ನಾಟಕಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಇಂಥ ಪಾರ್ಟು ಸಿಗುತ್ತದೆ.

ಈಗ ನಟಿಯ ದಿನಚರಿ. ಇದಕ್ಕೆ ನಮಗಿರುವ ಒಳ್ಳೆಯ ಸಾಕ್ಷಿ ಸ್ಯಾಮ್ಯುಯಲ್ ಪೀಪ್ಸ್ ಎಂಬ ಸರ್ಕಾರಿ ನೌಕರನ ಡೈರಿ. ರಂಗದ ಮೇಲೆ ಹೆಂಗಸರನ್ನು ಮೊದಲು ನೋಡಿದ್ದು 1661ರ ಜನವರಿ 3ರಂದು ಎಂದು ಅವನು ಬರೆದಿಟ್ಟಿದ್ದಾನೆ. 1667ರ ಅಕ್ಟೋಬರ್ 5ರಂದು ಅವನು ನಾಟಕಶಾಲೆಯ ಒಳಗೇ ಹೋದ. ಎಲಿಜಬೆತ್ ನೆಪ್ ಎಂಬ ನಟಿ ಅವತ್ತಿನ ಪಾರ್ಟು ಇನ್ನೂ ಬಾಯಿಪಾಠ ಮಾಡುತ್ತಿದ್ದಳು. ಪೀಪ್ಸ್ ಹಾಳೆ ಹಿಡಿದು ಎದುರು ಪಾರ್ಟಿನ ಮಾತು ಓದಿದ, ಆಕೆ ತನ್ನ ಮಾತು ಒಪ್ಪಿಸಿದಳು. ನೆಲ್ ಗ್ವಿನ್ ಎಂಬ ಇನ್ನೊಬ್ಬ ನಟಿ ಒಳಗೆ ಬಟ್ಟೆ ಹಾಕಿಕೊಳ್ಳುತ್ತಿದ್ದಳು. ಇಬ್ಬರ ಮುಖದ ಬಣ್ಣವನ್ನು ಹತ್ತಿರದಿಂದ ನೋಡಿ ಪೀಪ್ಸ್ ಹೌಹಾರಿದ. ಆಮೇಲೆ ನೆಲ್, ಕೆಳಗಿನ ಬೆಂಚುಗಳಲ್ಲಿ ಜನ ಕಡಿಮೆ ಎಂದು ಬಾಯಿಗೆ ಬಂದ ಹಾಗೆ ಬೈದಳಂತೆ.

ಬೈಯದೆ ಏನು ಮಾಡುತ್ತಾಳೆ? ರಂಗದ ಮುಂದಿನ ಬೆಂಚಿಗೆ ಎರಡೂವರೆ ಷಿಲಿಂಗ್, ಬಾಕ್ಸಿಗೆ ನಾಲ್ಕು, ಮೇಲಿನ ಗ್ಯಾಲರಿಗೆ ಒಂದು. ಕೂಲಿ ಮಾಡುವವನಿಗೆ ಆ ಒಂದು ಷಿಲಿಂಗೂ ಭಾರ. ಹಾಗಾಗಿ ಬರುವ ಜನ ಕಡಿಮೆ, ಮತ್ತೆ ಮತ್ತೆ ಅವರೇ ಬರಬೇಕು. ಅದೇ ಜನಕ್ಕೆ ಅದೇ ನಾಟಕ ಎಷ್ಟು ದಿನ ತೋರಿಸುತ್ತೀರಿ? ಎರಡು ಮೂರು ದಿನಕ್ಕೆ ನಾಟಕ ಬದಲಾಯಿಸಬೇಕು. ಒಬ್ಬ ನಟಿಗೆ ಒಂದು ಸೀಸನ್ನಿನಲ್ಲಿ ಎಷ್ಟೋ ಪಾರ್ಟು ಬಾಯಿಗೆ ಬರಬೇಕು. ಇಡೀ ನಾಟಕದ ಪ್ರತಿ ಯಾರಿಗೂ ಸಿಗುತ್ತಿರಲಿಲ್ಲ. ತನ್ನ ಮಾತು, ಅದಕ್ಕೆ ಮುಂಚೆ ಬರುವ ಎದುರಿನವರ ಕೊನೆಯ ಎರಡು ಮೂರು ಪದ, ಇಷ್ಟೇ ಹಾಳೆಯಲ್ಲಿ. ಹಾಗಾಗಿ ಓದು ಬರುವವರೇ ಬೇಕು, ಹಾಡು ಕುಣಿತ ಬೇಕು. ಆದರೆ ಓದು ಕಲಿಸುವಷ್ಟು ಅನುಕೂಲ ಇದ್ದ ಮನೆಯವರು ಮಗಳನ್ನು ನಾಟಕಕ್ಕೆ ಕಳಿಸುವುದಿಲ್ಲ. ಬಂದವರಲ್ಲಿ ಹೆಚ್ಚಿನವರು ಚೆನ್ನಾಗಿದ್ದು ಕೆಟ್ಟ ಮನೆಗಳ ಹೆಣ್ಣುಮಕ್ಕಳು, ಇಲ್ಲವೇ ಆಸರೆ ಇಲ್ಲದವರು. ನೆಲ್ ಗ್ವಿನ್ ಇದಕ್ಕೆ ಹೊರತು. ಅದೇ ನಾಟಕಶಾಲೆಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹುಡುಗಿ. ಸಹಿ ಬೇಕಾದರೆ ಹೆಸರಿನ ಎರಡು ಅಕ್ಷರ ಹೇಗೋ ಗೀಚುತ್ತಿದ್ದಳು. ಅಷ್ಟಿದ್ದೂ ಹಾಸ್ಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ದೊರೆಯ ಪ್ರೇಯಸಿಯಾಗಿ 1671ರ ಹೊತ್ತಿಗೆ ನಾಟಕ ಬಿಟ್ಟಳು.

ಜನ ನೆನಪಿಟ್ಟುಕೊಂಡಿರುವುದು ನೆಲ್ ಕತೆಯನ್ನೇ. ರೆಬೆಕಾ ಮಾರ್ಷಲ್ ಕತೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸರ್ ಹ್ಯೂ ಮಿಡ್ಲ್‌ಟನ್ ಎಂಬ ದೊಡ್ಡ ಮನುಷ್ಯ ತನಗೆ ಕಿರುಕುಳ ಕೊಡುತ್ತಾನೆ ಎಂದು ಆಕೆ ದೊರೆಗೇ ದೂರು ಕೊಟ್ಟಳು. ಸ್ವಲ್ಪ ದಿನದಲ್ಲೇ, 1667ರಲ್ಲಿ, ಆಟ ಮುಗಿಸಿ ಮನೆಗೆ ಹೋಗುವಾಗ ದಾರಿಯಲ್ಲಿ ಒಬ್ಬ ಪುಂಡ ಆಕೆಯ ಮುಖಕ್ಕೆ ಹೇಲು ಬಳಿದು ಓಡಿದ. ಅವನನ್ನು ಕಳಿಸಿದವನು ಮಿಡ್ಲ್‌ಟನ್ನೇ ಎಂದು ಆಕೆ ಮತ್ತೆ ದೂರು ಕೊಟ್ಟಳು. ನಟಿಯರು ಬಟ್ಟೆ ಬದಲಾಯಿಸುವ ಕಡೆ ಹೊರಗಿನವರು ಹೋಗಕೂಡದು ಎಂದು ರಾಜಾಜ್ಞೆಯೇ ಇತ್ತು. ಪೀಪ್ಸ್‌ನನ್ನು ನೋಡಿದಿರಲ್ಲ, ಆಜ್ಞೆಯ ಪಾಡು ಅಷ್ಟೇ. ಟಿಕೆಟ್ ಕೊಂಡ ಗಂಡಸಿಗೆ ತಾನು ಕೊಂಡದ್ದು ಆಟವನ್ನು ಮಾತ್ರ ಅನ್ನಿಸುತ್ತಿರಲಿಲ್ಲ. ಕಂಪನಿಯೂ ಆ ಭ್ರಮೆಯನ್ನು ಬಿಡಿಸಲು ಹೋಗಲಿಲ್ಲ.

ಇನ್ನು ಬರೆಯುವವರ ವಿಷಯ. ನಾಟಕಕಾರರಿಗೆ ಆಗ ಸಂಬಳ ಇಲ್ಲ, ರಾಯಲ್ಟಿ ಇಲ್ಲ. ಇದ್ದದ್ದು ‘ಮೂರನೇ ದಿನ’. ಹೊಸ ನಾಟಕ ಮೂರನೇ ದಿನಕ್ಕೆ ಕಾಲಿಟ್ಟರೆ, ಅವತ್ತಿನ ಕಲೆಕ್ಷನ್ನಿನಲ್ಲಿ ಕಂಪನಿಯ ಖರ್ಚು ಕಳೆದು ಉಳಿದದ್ದು ಬರೆದವರಿಗೆ. ಎರಡನೇ ದಿನಕ್ಕೇ ನಾಟಕ ಬಿದ್ದರೆ ಮೂರು ಕಾಸೂ ಇಲ್ಲ. ಪುಸ್ತಕ ಅಚ್ಚು ಹಾಕುವವನು ಒಂದಿಷ್ಟು ಕೊಡುತ್ತಿದ್ದ, ಅರ್ಪಣೆ ಮಾಡಿಸಿಕೊಂಡ ಶ್ರೀಮಂತರು ಒಂದಿಷ್ಟು. ಕ್ರೂರ ಪದ್ಧತಿ, ನಿಜ. ಆದರೆ ಇದರಲ್ಲೊಂದು ಗುಣ ಇತ್ತು. ವಿಶ್ವವಿದ್ಯಾಲಯದಲ್ಲಿ ಓದಿರಬೇಕಿಲ್ಲ, ಯಾವ ಸಂಘಕ್ಕೂ ಸೇರಬೇಕಿಲ್ಲ. ಕಂಪನಿಗೆ ಹೊಸ ನಾಟಕದ ಹಸಿವು. ಮೂರು ದಿನ ಜನ ಬಂದರೆ ಬರೆದವರು ಗಂಡೋ ಹೆಣ್ಣೋ ಯಾರಿಗೆ ಬೇಕು? ಲ್ಯಾಟಿನ್ ಕಲಿಯುವ ದಾರಿಯೇ ಮುಚ್ಚಿದ್ದ ಹೆಂಗಸರಿಗೆ ಇದೊಂದು ಕಿಂಡಿ.

ಆ ಕಿಂಡಿಯಲ್ಲಿ ತೂರಿ ಬಂದವಳು ಆಫ್ರಾ ಬೆನ್. ಮೊದಲಿಗಳು ಇವಳಲ್ಲ. ಕ್ಯಾಥರಿನ್ ಫಿಲಿಪ್ಸ್ ಫ್ರೆಂಚಿನಿಂದ ತಂದ ನಾಟಕ 1663ರಲ್ಲಿ ಡಬ್ಲಿನ್ನಿನಲ್ಲಿ ಆಡಿತ್ತು. ಲಂಡನ್ನಿನಲ್ಲಿ ಫ್ರಾನ್ಸಿಸ್ ಬೂತ್‌ಬಿಯ ನಾಟಕ 1669ರಲ್ಲಿ ಬಂದಿತ್ತು. ಆದರೆ ಅದನ್ನೇ ಕಸುಬು ಮಾಡಿಕೊಂಡವಳು ಬೆನ್. 1666ರಲ್ಲಿ ದೊರೆಯ ಪರವಾಗಿ ಗೂಢಚಾರಳಾಗಿ ಆಂಟ್‌ವರ್ಪ್‌ಗೆ ಹೋಗಿದ್ದಳು. ಸರ್ಕಾರ ದುಡ್ಡು ಕಳಿಸಲಿಲ್ಲ. ಸಾಲ ಮಾಡಿ ಊರಿಗೆ ಬಂದು, ಸಾಲಕ್ಕೆ ಜೈಲು ಸೇರುವ ಸ್ಥಿತಿಗೆ ತಲುಪಿದಳು. 1670ರ ಸೆಪ್ಟೆಂಬರಿನಲ್ಲಿ ಡ್ಯೂಕ್ಸ್ ಕಂಪನಿ ಅವಳ ಮೊದಲ ನಾಟಕ ಆಡಿತು. ಆರು ದಿನ ಓಡಿತು. ಆ ಕಾಲಕ್ಕೆ ಅದು ಒಳ್ಳೆಯ ಓಟವೇ.

1673ರಲ್ಲಿ ಅವಳ ‘ದಿ ಡಚ್ ಲವರ್’ ಬಿತ್ತು. ಪುಸ್ತಕಕ್ಕೆ ಬರೆದ ಮುನ್ನುಡಿಯಲ್ಲಿ ಬೆನ್ ಸಿಟ್ಟು ತೀರಿಸಿಕೊಂಡಿದ್ದಾಳೆ. ಮೊದಲ ದಿನ ಸೊರಗಿದ ಮುಖದ ಉದ್ದನೆಯ ಷೋಕಿಲಾಲನೊಬ್ಬ ಬಂದು, ಇದು ಹೆಂಗಸು ಬರೆದದ್ದು, ಗೋಳೇ ಗತಿ ಎಂದು ಪಕ್ಕದವರಿಗೆಲ್ಲ ಹೇಳಿದನಂತೆ. ಅವನ ರೂಪವನ್ನು ಅವಳು ವರ್ಣಿಸಿದ ರೀತಿಯಲ್ಲೇ ಅವನ ಮಾನ ಹೋಗಿದೆ. ಆಮೇಲೆ ವಾದಕ್ಕೆ ಇಳಿಯುತ್ತಾಳೆ. ನಾಟಕ ಬರೆಯಲು ಅಂಥ ಪಾಂಡಿತ್ಯವೇನೂ ಬೇಡ, ಷೇಕ್ಸ್‌ಪಿಯರ್‌ನಿಗೂ ಹೆಚ್ಚು ಓದು ಇರಲಿಲ್ಲ, ಹೆಂಗಸರು ಯಾಕೆ ಬರೆಯಬಾರದು ಎಂದು ಕೇಳುತ್ತಾಳೆ. ಹೊಟ್ಟೆಪಾಡಿಗೆ ಬರೆಯುತ್ತೇನೆ, ಹಾಗೆ ಹೇಳಿಕೊಳ್ಳಲು ನಾಚಿಕೆಯಿಲ್ಲ ಎಂದು 1678ರ ಇನ್ನೊಂದು ಮುನ್ನುಡಿಯಲ್ಲಿ ಬರೆದಳು. ನನಗೆ ಅವಳ ನಾಟಕಗಳಷ್ಟೇ ಈ ಮುನ್ನುಡಿಗಳೂ ಇಷ್ಟ. ಅಶ್ಲೀಲ ಎಂಬ ದೂರು ಬಂದಾಗಲೂ ಅವಳ ಉತ್ತರ ನೇರ: ಇದನ್ನೇ ಗಂಡಸು ಬರೆದಿದ್ದರೆ ನೀವು ತಕರಾರು ಎತ್ತುತ್ತಿರಲಿಲ್ಲ.

1677ರ ‘ದಿ ರೋವರ್’ ಅವಳ ದೊಡ್ಡ ಗೆಲುವು. ಮೊದಲು ಅಚ್ಚಾದಾಗ ಅದರಲ್ಲಿ ಅವಳ ಹೆಸರೇ ಇರಲಿಲ್ಲ. ಅದರ ನಾಯಕಿ ಹೆಲೆನಾ ಮಠಕ್ಕೆ ಸೇರಬೇಕಾದ ಹುಡುಗಿ. ಅದನ್ನು ಬಿಟ್ಟು ಜಾತ್ರೆಗೆ ವೇಷ ಹಾಕಿಕೊಂಡು ಓಡಿ ಬಂದು ತನ್ನ ಗಂಡನ್ನು ತಾನೇ ಹುಡುಕಿಕೊಳ್ಳುತ್ತಾಳೆ, ನಡುವೆ ಗಂಡು ವೇಷವನ್ನೂ ಹಾಕುತ್ತಾಳೆ. ಕಾಲು ತೋರಿಸುವ ಅದೇ ಹಳೆಯ ತಂತ್ರ. ಆದರೆ ಬೆನ್ ಕೈಯಲ್ಲಿ ಹುಡುಗಿಗೆ ಆ ವೇಷ ತನ್ನ ಕೆಲಸ ಸಾಧಿಸಿಕೊಳ್ಳುವ ಸಾಧನ. ಕಂಪನಿಗೆ ಬೇಕಾದ್ದನ್ನೂ ಕೊಟ್ಟಳು, ತನಗೆ ಬೇಕಾದ್ದನ್ನೂ ಹೇಳಿದಳು. ಆ ಪಾರ್ಟು ಮಾಡಿದವಳು ಎಲಿಜಬೆತ್ ಬ್ಯಾರಿ, ಆಗಿನ್ನೂ ಹದಿಹರೆಯ ದಾಟುತ್ತಿದ್ದ ಹುಡುಗಿ. 1679ರಲ್ಲಿ ಬೆನ್ ಇನ್ನೊಂದು ನಾಟಕವನ್ನು ನೆಲ್ ಗ್ವಿನ್‌ಗೆ ಅರ್ಪಣೆ ಮಾಡಿದಳು. ಕಿತ್ತಳೆ ಮಾರಿದವಳು ಈಗ ಅರ್ಪಣೆ ಮಾಡಿಸಿಕೊಳ್ಳುವ ಜಾಗದಲ್ಲಿದ್ದಳು.

ಬರೆಯುವವಳು, ಆಡುವವಳು ಇಬ್ಬರ ಹಣೆಬರಹವೂ ಒಂದೇ ಎಂದು ತೋರಿಸಿದ್ದು 1682ರ ಆಗಸ್ಟ್. ನಾಟಕವೊಂದರ ಕೊನೆಯಲ್ಲಿ ಹೇಳುವ ಪದ್ಯದಲ್ಲಿ ಬೆನ್ ದೊರೆಯ ಮಗ ಮನ್‌ಮತ್‌ನನ್ನು ಕುಟುಕಿದಳು. ಅವನು ಆಗ ಅಪ್ಪನ ವಿರೋಧಿಗಳ ಜೊತೆ ಇದ್ದವನು. ಆದರೂ ದೊರೆಗೆ ಮಗ ಮಗನೇ. ಪದ್ಯ ಬರೆದ ಬೆನ್ ಮೇಲೂ ವಾರಂಟು, ರಂಗದಲ್ಲಿ ಅದನ್ನು ಹೇಳಿದ ನಟಿ ಲೇಡಿ ಸ್ಲಿಂಗ್ಸ್‌ಬಿ ಮೇಲೂ ವಾರಂಟು.

ಅದೇ ವರ್ಷ ಇನ್ನೂ ದೊಡ್ಡ ಏಟು ಬಿತ್ತು. ಕಿಂಗ್ಸ್ ಕಂಪನಿ ಮುಳುಗಿ ಎರಡೂ ಕಂಪನಿ ಒಂದಾದವು. ಪೈಪೋಟಿ ಇಲ್ಲ, ಹಳೆಯ ನಾಟಕಗಳ ರಾಶಿಯೇ ಕೈಯಲ್ಲಿದೆ, ಹೊಸದು ಯಾಕೆ? ನಾಟಕಕಾರರ ಮೂರನೇ ದಿನಕ್ಕೆ ಕಲ್ಲು ಬಿತ್ತು. ಬೆನ್ ಪದ್ಯ, ಅನುವಾದ, ಕತೆ ಎಂದು ಸಿಕ್ಕಿದ್ದೆಲ್ಲ ಬರೆದಳು. ಪದ್ಯಸಂಕಲನಕ್ಕೆ ಇನ್ನೈದು ಪೌಂಡು ಸೇರಿಸಿ ಕೊಡಿ ಎಂದು ಪ್ರಕಾಶಕ ಟಾನ್ಸನ್‌ಗೆ ಅಂಗಲಾಚಿ ಬರೆದ ಕಾಗದ ಉಳಿದಿದೆ. ಅವಳ ‘ಒರೂನೊಕೊ’ ಕಾದಂಬರಿ ಬಂದದ್ದು 1688ರಲ್ಲಿ. ಮರುವರ್ಷ ತೀರಿಕೊಂಡಳು. ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ.

ಒಂದೇ ಕಂಪನಿಯ ಕಾಟ ನಟರಿಗೂ ತಟ್ಟಿತು. ಯಜಮಾನಿಕೆ ಕ್ರಿಸ್ಟೋಫರ್ ರಿಚ್ ಎಂಬ ವಕೀಲನ ಕೈಗೆ ಬಂತು. ಹಳಬರ ಸಂಬಳ ಕತ್ತರಿಸಿ, ಅವರ ಪಾರ್ಟುಗಳನ್ನು ಎಳೆಯರಿಗೆ ಹಂಚಿ ದಾರಿಗೆ ತರೋಣ ಎಂದು ಅವನ ಲೆಕ್ಕ. ಬ್ಯಾರಿ ಅಷ್ಟು ಹೊತ್ತಿಗೆ ಲಂಡನ್ನಿನ ದೊಡ್ಡ ದುರಂತ ನಟಿ. ಅವಳ ಮುಖ್ಯ ಪಾರ್ಟುಗಳನ್ನು ಆನ್ ಬ್ರೇಸ್‌ಗರ್ಡಲ್ ಎಂಬ ಕಿರಿಯ ನಟಿಗೆ ಕೊಡಲು ಹೋದರು. ಬ್ರೇಸ್‌ಗರ್ಡಲ್ ಬೇಡವೆಂದಳು. ಮೂರು ವರ್ಷ ಹಿಂದೆ, 1692ರಲ್ಲಿ, ಕ್ಯಾಪ್ಟನ್ ಹಿಲ್ ಎಂಬವನು ಬೀದಿಯಲ್ಲಿ ಅವಳನ್ನೇ ಹೊತ್ತೊಯ್ಯಲು ನೋಡಿ, ಆಗದೇ ಹೋದಾಗ ಅವಳ ಜೊತೆ ನಟನಾದ ಮೌಂಟ್‌ಫರ್ಟ್‌ನನ್ನು ಇರಿದು ಕೊಂದಿದ್ದ. ಅಂಥದ್ದನ್ನು ಕಂಡಿದ್ದವಳು ಯಜಮಾನನ ಆಮಿಷಕ್ಕೆ ಬಗ್ಗಲಿಲ್ಲ. 1695ರಲ್ಲಿ ಬ್ಯಾರಿ, ಬ್ರೇಸ್‌ಗರ್ಡಲ್ ಮತ್ತು ಹಿರಿಯ ನಟ ಬೆಟರ್ಟನ್ ಸೇರಿ ತಮ್ಮದೇ ಕಂಪನಿ ಕಟ್ಟಿದರು. ಅಲ್ಲಿಯವರೆಗೆ ಗಂಡಸು ನಟರಿಗೆ ಲಾಭದಲ್ಲಿ ಪಾಲು, ನಟಿಯರಿಗೆ ಬರೀ ವಾರದ ಸಂಬಳ. ಈಗ ನಟಿಯರೂ ಪಾಲುದಾರರು.

ಮತ್ತೆ ಎರಡು ಕಂಪನಿ, ಮತ್ತೆ ಪೈಪೋಟಿ, ಮತ್ತೆ ಹೊಸ ನಾಟಕದ ಹಸಿವು. ಅದೇ ಸೀಸನ್ನಿನಲ್ಲಿ ಮೇರಿ ಪಿಕ್ಸ್, ಡೆಲರಿವಿಯರ್ ಮ್ಯಾನ್ಲಿ, ಚಿಕ್ಕ ವಯಸ್ಸಿನ ಕ್ಯಾಥರಿನ್ ಟ್ರಾಟರ್ ಮೂವರ ನಾಟಕಗಳೂ ರಂಗಕ್ಕೆ ಬಂದವು. ಇದು ಕಾಕತಾಳೀಯ ಅಲ್ಲ, ಅಲ್ವಾ? 1696ರಲ್ಲಿ ರಿಚ್ ಕಂಪನಿ ಈ ಮೂವರನ್ನು ಆಡಿಕೊಂಡು ಒಂದು ನಾಟಕವನ್ನೇ ಮಾಡಿತು. ಪಿಕ್ಸ್ ದಪ್ಪಗಿದ್ದಳು, ಊಟದ ಮೇಲೆ ಆಸೆ ಎಂದು ಅವಳ ಪಾತ್ರಕ್ಕೆ ಚೆನ್ನಾಗಿ ಉಂಡವಳು ಎನ್ನುವಂಥ ಹೆಸರಿಟ್ಟರು. ಮರುವರ್ಷ ಅದೇ ಕಂಪನಿಯ ನಟ ಜಾರ್ಜ್ ಪೊವೆಲ್, ಪಿಕ್ಸ್ ಓದಲು ಕೊಟ್ಟಿದ್ದ ನಾಟಕದ ಕತೆ ಕದ್ದು ತನ್ನ ಹೆಸರಿನಲ್ಲಿ ಆಡಿಸಿದ. ಹೆಂಗಸರಿಗೆ ಬರೆಯಲು ಬರುವುದಿಲ್ಲ ಎಂದು ನಕ್ಕವರೇ ಅವರದ್ದನ್ನು ಕದಿಯುವುದು ಎಂದರೆ!

ಮುಂದಿನ ತಲೆಮಾರಿನ ನಾಟಕಕಾರ್ತಿ ಸುಸಾನಾ ಸೆಂಟ್‌ಲಿವರ್ ಇವರೆಲ್ಲರಿಗಿಂತ ಹೆಚ್ಚು ಕಾಲ ರಂಗದಲ್ಲಿ ಉಳಿದವಳು. 1709ರಲ್ಲಿ ಅವಳ ‘ದಿ ಬ್ಯುಸಿ ಬಾಡಿ’ ರಿಹರ್ಸಲ್ಲಿನಲ್ಲಿ ನಾಯಕ ನಟ ರಾಬರ್ಟ್ ವಿಲ್ಕ್ಸ್ ಸಿಟ್ಟಿಗೆದ್ದು, ಇದನ್ನು ಯಾರು ಕೂತು ಕೇಳುತ್ತಾರೆ ಎಂದು ಪಾರ್ಟಿನ ಹಾಳೆಯನ್ನು ಬೆಂಚುಗಳ ಕಡೆ ಎಸೆದನಂತೆ. ಮೊದಲ ದಿನ ಜನ ಕಡಿಮೆ. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹರಡಿ 13 ದಿನ ಓಡಿತು. ಐದು ವರ್ಷದ ಮೇಲೆ ಅವಳ ‘ದಿ ವಂಡರ್’ ಬಂದಾಗ ನಾಯಕ ಡಾನ್ ಫೆಲಿಕ್ಸ್ ಆದವನು ಇದೇ ವಿಲ್ಕ್ಸ್. ಈ ಸಲ ಹಾಳೆ ಎಸೆಯಲಿಲ್ಲ. 1776ರಲ್ಲಿ ಡೇವಿಡ್ ಗ್ಯಾರಿಕ್ ಎಂಬ ಹೆಸರಾಂತ ನಟ ರಂಗಕ್ಕೆ ವಿದಾಯ ಹೇಳುವಾಗ ಹ್ಯಾಮ್ಲೆಟ್ ಬಿಟ್ಟು ಡಾನ್ ಫೆಲಿಕ್ಸ್ ಪಾರ್ಟನ್ನೇ ಆರಿಸಿಕೊಂಡ. ಸೆಂಟ್‌ಲಿವರ್ ತೀರಿಕೊಂಡು 52 ವರ್ಷ ದಾಟಿತ್ತು. ಮೊದಲ ಓಟ ಮುಗಿದ ಮೇಲೆ ನಾಟಕ ಕಂಪನಿಯ ಸ್ವತ್ತು, ಬರೆದವರಿಗೆ ಏನೂ ಇಲ್ಲ. ಗ್ಯಾರಿಕ್‌ನ ಆ ವಿದಾಯದ ಆಟದ ಕಲೆಕ್ಷನ್ ವಯಸ್ಸಾಗಿ ಕೆಲಸ ಬಿಟ್ಟ ನಟನಟಿಯರ ನಿಧಿಗೆ ಹೋಯಿತು.